ಕಪ್ಪು ಬಳಿದರೆ ತುಕ್ಕು ಸಾಯುವುದಿಲ್ಲ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಕರೆ ಮಾಡಿದ್ದ. ಹತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ನಾನು ರಸಾಯನಶಾಸ್ತ್ರ ಹೇಳುತ್ತಿದ್ದಾಗಲೆಲ್ಲ ಪುಸ್ತಕದ ಅಂಚಿನಲ್ಲಿ ಕಾರಿನ ಚಿತ್ರ ಬರೆಯುತ್ತಿದ್ದವನು. ಆ ಹುಡುಗ ಈಗ ತನ್ನ ತಂದೆಯ 1968ರ ಫಿಯೆಟ್ 1100 ಡಿಲೈಟ್ ಕಾರನ್ನು, ಎರಡು ವರ್ಷಗಳ ಗಳಿಕೆಯನ್ನೂ ರಜಾದಿನಗಳನ್ನೂ ಸುರಿದು, ಮತ್ತೆ ಓಡುವಂತೆ ಮಾಡಿದ್ದಾನೆ. ಕಳುಹಿಸಿದ ಚಿತ್ರಗಳನ್ನು ನೋಡಿ ಬಹಳ ಸಂತೋಷವಾಯಿತು. ಆದರೆ ಮಾತಿನ ಕೊನೆಗೆ ಅವನೆಂದದ್ದು ಆ ರಾತ್ರಿ ನನ್ನನ್ನು ನಿದ್ರಿಸಗೊಡಲಿಲ್ಲ. “ಇನ್ನೊಂದೇ ಕೆಲಸ ಬಾಕಿ ಸರ್. ತಳಕ್ಕೆ ದಪ್ಪಗೆ ಕಪ್ಪು ಕೋಟಿಂಗ್ ಹೊಡೆಸಿಬಿಟ್ಟರೆ ಮತ್ತೆ ಹತ್ತು ವರ್ಷ ಆ ಕಡೆ ನೋಡುವುದೇ ಬೇಡವಂತೆ. ಆಮೇಲೆ ಊರಿಗೆ ತಂದು ಅಪ್ಪಯ್ಯನ ಮನೆಯಲ್ಲೇ ಇಡುತ್ತೇನೆ.”

ಊರೆಂದರೆ ಕುಂದಾಪುರದ ಕಡಲ ದಂಡೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ, ಉಪ್ಪುಗಾಳಿಗೆ ಕಿಟಕಿಯ ಸರಳುಗಳೇ ಪದರ ಪದರವಾಗಿ ಉದುರುವ ನಾಡು.

ಫೋನಿನಲ್ಲಿ ನಾನು ಹೇಳಿದ್ದು ಅರೆಬರೆಯಾಯಿತು. ಆದುದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಹಿರಿಯರು ಬಿಟ್ಟುಹೋದ ಫಿಯೆಟ್ಟನ್ನೋ ಪದ್ಮಿನಿಯನ್ನೋ ಅಂಬಾಸಡರನ್ನೋ ಶೆಡ್ಡಿನಲ್ಲಿ ಇಟ್ಟುಕೊಂಡವರು ನನ್ನ ವಿದ್ಯಾರ್ಥಿಗಳಲ್ಲೂ ಬಂಧುಗಳಲ್ಲೂ ಹಲವರಿದ್ದೀರಿ. ನಿಮ್ಮೆಲ್ಲರಲ್ಲಿ ನನ್ನ ವಾದ ಇಷ್ಟೆ: ನವೀಕರಿಸಿದ ಹಳೆಯ ಕಾರಿನ ತಳಕ್ಕೆ ದಪ್ಪನೆಯ ಕಪ್ಪು ಲೇಪ ಹೊಡೆಸಿ ಮರೆತುಬಿಡುವ ಪದ್ಧತಿ ಕಾರನ್ನು ಕಾಪಾಡುವುದಿಲ್ಲ, ಕೊಲ್ಲುತ್ತದೆ. ಅದಕ್ಕಿಂತ ಏನನ್ನೂ ಬಳಿಯದೆ ವರ್ಷಕ್ಕೆರಡು ಬಾರಿ ಬಗ್ಗಿ ನೋಡುವುದೇ ಮೇಲು. ಮಾತು ಖಾರವಾಯಿತೆಂದು ತೋರಿದರೆ ಮುಂದಿನದನ್ನು ಓದಿ ತೀರ್ಮಾನಿಸಿ.

ಡಾಕ್ಟರ್ ಭಾವನ ಕಾರನ್ನು ಬಂಧುಗಳಾದ ನಿಮಗೆ ನೆನಪಿಸಬೇಕಾಗಿಲ್ಲ. ಅಕ್ಕನ ಮದುವೆಯಾದ ಮರುವರ್ಷ, 1972ರಲ್ಲಿ, ಭಾವ ಕೊಂಡ ಸೆಕೆಂಡ್ ಹ್ಯಾಂಡ್ ಫಿಯೆಟ್ ಅದು, 1966ರ ಮಾದರಿ. ಅಪರಾತ್ರಿಯ ಹೆರಿಗೆ, ಹಾವು ಕಡಿತ, ಕಡಲಿಗೆ ಹೋದವರ ಜ್ವರ, ಎಲ್ಲಕ್ಕೂ ಆ ಕಾರೇ ಹೋಗುತ್ತಿತ್ತು. ದೂರದಿಂದ ಅದರ ಸದ್ದು ಕೇಳಿದರೆ ರೋಗಿಯ ಮನೆಯವರು ಚಿಮಣಿ ಹಿಡಿದು ಗದ್ದೆಯ ಅಂಚಿಗೆ ಬಂದು ನಿಲ್ಲುತ್ತಿದ್ದರು. ವೃತ್ತಿಯಿಂದ ವಿರಮಿಸಿದ ಮೇಲೆ, 1994ರಲ್ಲಿ, ಭಾವ ಆ ಕಾರನ್ನು ಪೂರ್ತಿ ಬಿಚ್ಚಿಸಿ ಟಿಂಕರಿಂಗ್, ಪೈಂಟಿಂಗ್ ಎಲ್ಲವನ್ನೂ ಮಾಡಿಸಿದರು. ಮನೆಗೆ ತರುವ ಹಿಂದಿನ ದಿನ ನಾನೂ ಅವರೊಂದಿಗೆ ಗ್ಯಾರೇಜಿಗೆ ಹೋಗಿದ್ದೆ. ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಕೆಲಸದವನು ಗುಂಡಿಗಿಳಿದು ಕಾರಿನ ತಳಕ್ಕೆ ಟಾರಿನಂತಹ ಕಪ್ಪು ದ್ರವ್ಯವನ್ನು ಹೊಡೆಯುತ್ತಿದ್ದ. ಎಡಬದಿಯ ಬಾಗಿಲಿನ ಕೆಳಗೆ ಅಂಗೈಯಗಲದ ಕಂದು ಕಲೆಯೊಂದು ಇನ್ನೂ ಇತ್ತು. ಅದರ ಮೇಲೆಯೇ ಕಪ್ಪು ಹಾದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಗ್ಯಾರೇಜಿನ ಯಜಮಾನರು, “ಇನ್ನು ಹತ್ತು ವರ್ಷ ಅಡಿಗೆ ನೋಡುವುದೇ ಬೇಡ ಡಾಕ್ಟ್ರೇ” ಎಂದರು.

ನಾನು ಬಾಯಿ ತೆರೆಯಲಿಲ್ಲ. ಅದು ಅವರ ಕಸುಬು, ನನಗೇಕೆ ಎಂದುಕೊಂಡೆ. ತುಕ್ಕಿನ ಪಾಠವನ್ನು ಇಪ್ಪತ್ತು ವರ್ಷ ತರಗತಿಯಲ್ಲಿ ಹೇಳಿದ್ದ ಮನುಷ್ಯ ತುಕ್ಕಿನ ಎದುರೇ ನಿಂತು ಸುಮ್ಮನಿದ್ದ.

ಆ ಮಾತಿನಂತೆ ಯಾರೂ ಅಡಿಗೆ ನೋಡಲಿಲ್ಲ. 2003ರ ಸೆಪ್ಟೆಂಬರಿನಲ್ಲಿ ಅಕ್ಕ, ಭಾವ, ನಾನು ಬೈಂದೂರಿನಿಂದ ಮರಳುತ್ತಿದ್ದಾಗ ಮರವಂತೆಯಲ್ಲಿ ಟಯರು ಪಂಕ್ಚರ್ ಆಯಿತು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಆ ಜಾಗ ನಿಮಗೆಲ್ಲ ಗೊತ್ತು. ಅಳಿಯ ಬಾಗಿಲಿನ ಕೆಳಗೆ ಜಾಕು ಕೊಟ್ಟು ತಿರುಗಿಸತೊಡಗಿದ. ಜಾಕು ಏರಿತು, ಕಾರು ಏರಲಿಲ್ಲ. ಹಪ್ಪಳ ಮುರಿದಂತಹ ಸದ್ದಾಗಿ ಜಾಕಿನ ತಲೆ ಕಾರಿನ ಮೈಯೊಳಗೆ ಹೊಕ್ಕಿತ್ತು. “ಮಾವ, ಇಲ್ಲಿ ಕಬ್ಬಿಣವೇ ಇಲ್ಲ” ಎಂದ ಅಳಿಯ. ಬಗ್ಗಿ ನೋಡಿದೆ. ಕಪ್ಪು ಲೇಪ ಚರ್ಮದ ಹಾಗೆ ನೇತಾಡುತ್ತಿತ್ತು. ಅದರ ಹಿಂದೆ ಒದ್ದೆ ಪುಸ್ತಕದ ಹಾಳೆಗಳಂತೆ ಕಂದು ಪದರಗಳು. ನಾಲ್ಕು ದಿನಗಳಿಂದ ಮಳೆ ಬಂದಿರಲಿಲ್ಲ. ಆದರೂ ಒಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂಬತ್ತು ವರ್ಷ ಆ ಕಾರು ಲೇಪದ ಆಕಾರದಲ್ಲಿ ನಿಂತಿತ್ತೇ ಹೊರತು ಕಬ್ಬಿಣದ ಬಲದಲ್ಲಿ ಅಲ್ಲ. ನೆಲದ ತಗಡು ಎರಡೂ ಬದಿ ಹೋಗಿದೆ, ದುರಸ್ತಿಗೆ ಅರ್ಥವಿಲ್ಲ ಎಂದರು ಎರಡನೆಯ ಗ್ಯಾರೇಜಿನವರು. ಕಾರು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಭಾವ ಸ್ಟಿಯರಿಂಗ್ ಚಕ್ರವೊಂದನ್ನು ಬಿಚ್ಚಿಸಿ ತಂದು ಚಾವಡಿಯ ಗೋಡೆಗೆ ತೂಗುಹಾಕಿದರು. ಅದು ಈಗಲೂ ಅಲ್ಲಿದೆ.

ಆ ದಿನ ಗಂಟೆಗೆ ಅರುವತ್ತು ಕಿಲೋಮೀಟರ್ ವೇಗದಲ್ಲಿ ಅಪಘಾತವಾಗಿದ್ದರೆ ಏನಾಗುತ್ತಿತ್ತೆಂದು ಅನೇಕ ಬಾರಿ ಯೋಚಿಸಿದ್ದೇನೆ. ಇದನ್ನು ವಿವರಿಸಬೇಕು. ಲಾರಿಗೂ ಜೀಪಿಗೂ ಪ್ರತ್ಯೇಕವಾದ ಚಾಸಿ ಇರುತ್ತದೆ, ಅದರ ಮೇಲೆ ಬಾಡಿ ಕುಳಿತಿರುತ್ತದೆ. ಫಿಯೆಟ್ 1100ರ ರಚನೆ ಹಾಗಲ್ಲ. 1953ರಲ್ಲಿ ಇಟಲಿಯಲ್ಲಿ ಬಂದ 1100-103 ಮಾದರಿಯಿಂದಲೇ ಅದರ ತಗಡಿನ ಮೈ ತಾನೇ ಚಾಸಿಯೂ ಹೌದು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸಿದ ಡಿಲೈಟ್, ಮುಂದೆ ಪ್ರೆಸಿಡೆಂಟ್, 1974ರ ಬಳಿಕ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು ಬಂದ ಕಾರುಗಳೆಲ್ಲ ಇದೇ ವಂಶದವು. ಮಾರಿಸ್ ಆಕ್ಸ್‌ಫರ್ಡ್ ಮೂಲದ ನಮ್ಮ ಅಂಬಾಸಡರ್ ಕೂಡ ಇದೇ ಬಗೆಯ ರಚನೆಯದು. ನೆಲದ ತಗಡು, ಬಾಗಿಲ ಹೊಸ್ತಿಲಿನಲ್ಲಿ ಉದ್ದಕ್ಕೆ ಹಾಯುವ ಪೊಳ್ಳು ತೊಲೆ, ಇವು ಮನೆಯ ಅಡಿಪಾಯವಿದ್ದಂತೆ. ಹೊರಮೈಯ ಬಣ್ಣ ಹೋದರೆ ಅಂದ ಹೋಗುತ್ತದೆ. ತಳ ಹೋದರೆ ಕಾರೇ ಹೋಗುತ್ತದೆ, ಒಳಗೆ ಕುಳಿತವರನ್ನೂ ಜೊತೆಗೆ ಒಯ್ಯಬಹುದು.

ಈಗ ಮತ್ತೆ ತರಗತಿಗೆ ಬನ್ನಿ. ಮೂರು ಪ್ರನಾಳಗಳಲ್ಲಿ ಮೂರು ಮೊಳೆಗಳನ್ನು ಇಟ್ಟದ್ದು ನೆನಪಿದೆಯೇ? ಒಂದರಲ್ಲಿ ಸಾಮಾನ್ಯ ನೀರು, ಒಂದರಲ್ಲಿ ತೇವವನ್ನು ಹೀರುವ ಕ್ಯಾಲ್ಸಿಯಂ ಕ್ಲೋರೈಡು, ಇನ್ನೊಂದರಲ್ಲಿ ಕುದಿಸಿದ ನೀರು ಮತ್ತು ಅದರ ಮೇಲೆ ಎಣ್ಣೆಯ ಪದರ. ಕೆಲವು ದಿನಗಳ ಬಳಿಕ ಮೊದಲನೆಯ ಮೊಳೆಗೆ ಮಾತ್ರ ತುಕ್ಕು. ಗಾಳಿ, ನೀರು ಎರಡೂ ಸೇರಿದರಷ್ಟೇ ತುಕ್ಕು ಎಂಬುದು ಪಾಠ. ಫೋನಿನಲ್ಲಿ ನನ್ನ ಜಾಣ ಶಿಷ್ಯ ಇದನ್ನೇ ತಿರುಗಿಸಿ ಕೇಳಿದ: “ಎಣ್ಣೆ ಮುಚ್ಚಿದ್ದರಿಂದಲೇ ಆ ಮೊಳೆ ಉಳಿಯಿತಲ್ಲ ಸರ್? ಕೋಟಿಂಗ್ ಮಾಡುವುದೂ ಅದನ್ನೇ ಅಲ್ಲವೇ?” ಪ್ರಶ್ನೆ ಒಳ್ಳೆಯದೇ. ಆದರೆ ಅವನು ಮರೆತದ್ದು, ಎಣ್ಣೆ ಸುರಿಯುವ ಮುನ್ನ ನಾವು ನೀರನ್ನು ಕುದಿಸಿ ಅದರಲ್ಲಿ ಕರಗಿದ್ದ ಗಾಳಿಯನ್ನು ಹೊರಗಟ್ಟಿದ್ದೆವು ಎಂಬುದನ್ನು. ಮೊಳೆಯೂ ತಿಕ್ಕಿ ತೊಳೆದ ಮೊಳೆಯಾಗಿತ್ತು. ಕುದಿಸದ ನೀರಿನ ಮೇಲೆ ಎಣ್ಣೆ ಸುರಿದಿದ್ದರೆ ಒಳಗಿದ್ದ ಗಾಳಿಯೇ ಮೊಳೆಯನ್ನು ತಿನ್ನತೊಡಗುತ್ತಿತ್ತು. ನಮ್ಮ ಗ್ಯಾರೇಜುಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದೇ. ತುಕ್ಕು, ಉಪ್ಪು, ತೇವ ಮೂರನ್ನೂ ಒಳಗೇ ಬಿಟ್ಟು ಮೇಲಿನಿಂದ ಮುಚ್ಚಳ ಹಾಕುತ್ತಾರೆ.

ಇನ್ನೊಂದು ಸಂಗತಿಯನ್ನು ಶಾಲೆಯ ಪಾಠದಲ್ಲಿ ಹೇಳಲಾಗಲಿಲ್ಲ. ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಕಬ್ಬಿಣದ ಮೇಲೆ ಉಪ್ಪುನೀರಿನ ಹನಿಯನ್ನಿಟ್ಟು ಪರೀಕ್ಷಿಸಿದರು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ತಾಗುತ್ತದೆ, ನಡುವಿಗೆ ಕಡಿಮೆ. ಅಂಚಿನಲ್ಲೇ ಕಬ್ಬಿಣ ಕರಗೀತೆಂದು ನಾವು ಊಹಿಸುತ್ತೇವೆ. ಕರಗಿದ್ದು ನಡುವಿನಲ್ಲಿ! ತುಕ್ಕು ಒಂದು ಸಣ್ಣ ವಿದ್ಯುತ್ಕೋಶದಂತೆ ಕೆಲಸ ಮಾಡುತ್ತದೆ. ಗಾಳಿ ಕಡಿಮೆ ಸಿಗುವ ಜಾಗದ ಕಬ್ಬಿಣವೇ ಅದರಲ್ಲಿ ಬಲಿಯಾಗುತ್ತದೆ. ಇದನ್ನು ಕಾರಿನ ತಳಕ್ಕೆ ಅನ್ವಯಿಸಿ ನೋಡಿ. ಟಾರಿನ ಲೇಪ ವರ್ಷಗಳು ಕಳೆದಂತೆ ಗಡುಸಾಗುತ್ತದೆ, ಕಲ್ಲಿನ ಏಟಿಗೆ ಎಲ್ಲೋ ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಉಪ್ಪುನೀರು ಲೇಪದ ಹಿಂದಕ್ಕೆ ಜಾರುತ್ತದೆ. ಒಳಹೊಕ್ಕ ನೀರಿಗೆ ಬಿಸಿಲಿಲ್ಲ, ಗಾಳಿಯಿಲ್ಲ, ಒಣಗುವ ದಾರಿಯಿಲ್ಲ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಜಾಗವನ್ನು ಬೇಡುತ್ತದೆ; ಆದುದರಿಂದ ಲೇಪವನ್ನು ಇನ್ನಷ್ಟು ಎಬ್ಬಿಸುತ್ತದೆ, ಇನ್ನಷ್ಟು ನೀರು ಹೊಗುತ್ತದೆ. ಹೊರಗಿನಿಂದ ನೋಡುವವನಿಗೆ ಮಾತ್ರ ಎಲ್ಲವೂ ಕಪ್ಪಾಗಿ, ಅಚ್ಚುಕಟ್ಟಾಗಿ ಕಾಣುತ್ತದೆ.

ದಪ್ಪ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬ ನಂಬಿಕೆಯೂ ಒಂದಿದೆ. ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೈಮೇಲೆ ಬಹಳ ತೆಳುವಾದ ರಕ್ಷಾಪದರವೊಂದು ಗಟ್ಟಿಯಾಗಿ ಅಂಟಿಕೊಂಡು ಬೆಳೆದಿದೆ ಎಂದು ಐಐಟಿ ಕಾನ್ಪುರದ ಪ್ರಾಧ್ಯಾಪಕ ಆರ್. ಬಾಲಸುಬ್ರಹ್ಮಣ್ಯಂ ತೋರಿಸಿಕೊಟ್ಟರು. ಒಣಹವೆಯ ನೆರವೂ ಅದಕ್ಕಿದೆಯೆನ್ನಿ. ಆದರೂ ಅದರಿಂದ ಕಲಿಯಬೇಕಾದದ್ದು, ಪದರದ ದಪ್ಪಕ್ಕಿಂತ ಅದು ಕಬ್ಬಿಣಕ್ಕೆ ಹತ್ತಿಕೊಂಡಿರುವ ಬಗೆ ಮುಖ್ಯ ಎಂಬುದನ್ನು.

ಎದುರು ಪಕ್ಷದವರ ವಾದಗಳನ್ನೂ ನಾನು ಕೇಳಿದ್ದೇನೆ. “ಹೊಸ ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಇಂತಹ ಲೇಪ ಹಾಕುತ್ತಾರಲ್ಲ” ಎನ್ನುವುದು ಮೊದಲನೆಯದು. ಹಾಕುತ್ತಾರೆ ನಿಜ. ಆದರೆ ಅದು ಕಟ್ಟಕಡೆಯ ಪದರ, ಕಲ್ಲಿನೇಟು ತಡೆಯಲಿಕ್ಕೆ. ಅದರಡಿಯಲ್ಲಿ ಫಾಸ್ಫೇಟ್ ಸಂಸ್ಕಾರವಾಗಿರುತ್ತದೆ. ಇಡೀ ಬಾಡಿಯನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಒಲೆಯಲ್ಲಿ ಬೇಯಿಸಿರುತ್ತಾರೆ. ತಗಡಿಗೇ ಸತುವಿನ ಲೇಪವಿರುವುದೂ ಉಂಟು. ನಮ್ಮ ಹಳೆಯ ಫಿಯೆಟ್ಟಿಗೆ ಇಂತಹ ಕವಚ ಎಲ್ಲಿತ್ತು?

“ಕಲ್ಲು ಹೊಡೆಯುವುದು ತಪ್ಪುತ್ತದೆ, ಸದ್ದು ಕಡಿಮೆಯಾಗುತ್ತದೆ” ಎಂಬುದು ಎರಡನೆಯದು. ಇದನ್ನು ಒಪ್ಪುತ್ತೇನೆ. ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಮೈಗೆ, ಬರಿಯ ಲೋಹದವರೆಗೆ ಕೆರೆದು ಪ್ರೈಮರ್ ಹೊಡೆದ ಮೇಲೆ, ತೆಳುವಾದ ರಬ್ಬರ್ ಲೇಪ ಹಾಕುವುದಕ್ಕೆ ನನ್ನ ವಿರೋಧವಿಲ್ಲ. ವಿರೋಧವಿರುವುದು ತುಕ್ಕಿನ ಮೇಲೆ ಹೊಡೆಯುವುದಕ್ಕೆ, ನೀರು ಹೋಗುವ ತೂತುಗಳನ್ನೂ ಸೇರಿಸಿ ಮುಚ್ಚುವುದಕ್ಕೆ, ಹೊಡೆದು ಮರೆಯುವುದಕ್ಕೆ.

ಮೂರನೆಯವರು ಹಳಬರು. “ಸರ್ವಿಸ್ ಸ್ಟೇಷನ್ನಿನಲ್ಲಿ ಕಪ್ಪು ಆಯಿಲು ಸ್ಪ್ರೇ ಮಾಡಿಸಿದರೆ ಸಾಕು” ಎನ್ನುವವರು. ಎಣ್ಣೆ ಗಡುಸಾಗದೆ ಹರಡುತ್ತದೆ ಎಂಬ ಮಟ್ಟಿಗೆ ಅವರ ಅನುಭವ ಟಾರಿನವರಿಗಿಂತ ಮೇಲು. ಆದರೆ ಎಂಜಿನ್ನಿನಲ್ಲಿ ಸುಟ್ಟು ಬಂದ ಎಣ್ಣೆಯಲ್ಲಿ ಆಮ್ಲಗಳೂ ಲೋಹದ ಪುಡಿಯೂ ಇರುತ್ತವೆ, ರಬ್ಬರಿನ ಬುಷ್ಷುಗಳನ್ನು ಅದು ಕೆಡಿಸುತ್ತದೆ, ಮೊದಲ ಮಳೆಗೇ ಅಂಗಳಕ್ಕೆ ಇಳಿದು ಬಾವಿಯ ದಾರಿ ಹಿಡಿಯುತ್ತದೆ. ಕಾನೂನು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಆಕ್ಷೇಪಿಸಿ ಸುಮ್ಮನಾಗುವುದು ಮೇಷ್ಟರಿಗೆ ಶೋಭಿಸದು. ಕಲಿತವರಿಂದ, ಕೆಲಸ ಬಲ್ಲ ಟಿಂಕರುಗಳಿಂದ ನಾನು ತಿಳಿದುಕೊಂಡದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ಕೆರೆಯಿರಿ. ಹಳೆಯ ಲೇಪವನ್ನೆಲ್ಲ ತೆಗೆದು ಬರಿಯ ಲೋಹ ಕಾಣಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡಿನ ಸದ್ದೂ ತಿಂದುಹೋದ ತಗಡಿನ ಸದ್ದೂ ಬೇರೆ ಬೇರೆ. ತಿಂದುಹೋದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡ್ ಮಾಡಿಸಬೇಕು. ಕೊಳೆತದ್ದರ ಮೇಲೆ ತೇಪೆ ಹಚ್ಚಿಸಬೇಡಿ, ಪುಟ್ಟಿಯನ್ನಂತೂ ಮೆತ್ತಿಸಲೇಬೇಡಿ. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ಪರಿವರ್ತಕ ಹಚ್ಚಬಹುದು. ಡಬ್ಬಿಯ ಮೇಲೆ ಬರೆದಂತೆ ಶುಚಿಗೊಳಿಸಿ ಚೆನ್ನಾಗಿ ಒಣಗಿಸಿ. ಬಳಿಕ ಎಪಾಕ್ಸಿ ಪ್ರೈಮರ್ ಎರಡು ಕೈ. ಬರಿಯ ರೆಡ್ ಆಕ್ಸೈಡ್ ಹೊಡೆದು ಬಿಡಬಾರದು. ಅದರ ಮೇಲೆ ಬಣ್ಣವಿಲ್ಲದಿದ್ದರೆ ಅದು ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತಗಡು ತಗಡು ಕೂಡುವ ಸಂದುಗಳಿಗೆ ಸೀಲರ್ ತುಂಬಿಸಿ.

ಬಣ್ಣ ಕಪ್ಪಾಗಿರುವುದು ಬೇಡ. ತಿಳಿಬೂದಿಯೋ ಬಿಳಿಯೋ ಇರಲಿ. ತುಕ್ಕು ಮೊಳೆತ ದಿನವೇ ಕಂದು ಚುಕ್ಕೆ ಎದ್ದು ಕಾಣಬೇಕು. ಭಾವನ ಕಾರಿನ ತಳ ಬಿಳಿಯಾಗಿದ್ದಿದ್ದರೆ 1996ರಲ್ಲೇ ಯಾರಾದರೂ ಕಾಣುತ್ತಿದ್ದರು.

ಪೊಳ್ಳು ಭಾಗಗಳ ಒಳಕ್ಕೆ, ಮುಖ್ಯವಾಗಿ ಹೊಸ್ತಿಲಿನ ತೊಲೆಗೆ, ಕ್ಯಾವಿಟಿ ವ್ಯಾಕ್ಸ್ ಎಂದು ಕೇಳಿದರೆ ಸಿಗುವ ಮೇಣದ ದ್ರವವನ್ನು ಉದ್ದದ ಕೊಳವೆಯಿಂದ ಹಾಯಿಸಬೇಕು. ತಳದ ಹೊರಮೈಗೂ ಪಾರದರ್ಶಕವಾದ ತೆಳು ಮೇಣವೇ ಸಾಕು. ಮೇಣ ಮೆತ್ತಗೆ ಉಳಿಯುತ್ತದೆ, ಸಂದುಗಳಿಗೆ ಹರಿಯುತ್ತದೆ, ಸಣ್ಣ ಗೀರುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬ್ರೇಕಿನ ಭಾಗಗಳಿಗೂ ಸೈಲೆನ್ಸರಿಗೂ ಅದು ತಾಗಬಾರದು. ಬೆಂಕಿ ಹಿಡಿಯುವ ವಸ್ತುವಾದುದರಿಂದ ವೆಲ್ಡಿಂಗ್ ಕೆಲಸವೆಲ್ಲ ಮೊದಲೇ ಮುಗಿದಿರಬೇಕು. ನಮ್ಮ ಕರಾವಳಿಯಲ್ಲಿ ಇವೆಲ್ಲಕ್ಕೂ ಫೆಬ್ರವರಿ, ಮಾರ್ಚ್ ತಿಂಗಳೇ ಪ್ರಶಸ್ತ.

ಉಳಿದದ್ದು ಖರ್ಚಿಲ್ಲದ ಕೆಲಸ. ಬಾಗಿಲಿನ ಮತ್ತು ಹೊಸ್ತಿಲಿನ ಅಡಿಯಲ್ಲಿರುವ ನೀರಿನ ತೂತುಗಳನ್ನು ಹಿಡಿಸೂಡಿ ಕಡ್ಡಿಯಿಂದ ಚುಚ್ಚಿ ತೆರೆದಿಡಿ. ರಬ್ಬರ್ ಮ್ಯಾಟನ್ನೂ ಅದರಡಿಯ ಗೋಣಿಯಂತಹ ಹಾಸನ್ನೂ ಎತ್ತಿ ಒಣಗಿಸಿ. ನೆಲದ ತಗಡು ಹಲವು ಬಾರಿ ಒಳಗಿನಿಂದಲೇ ಕೊಳೆಯುತ್ತದೆ. ಕಡಲ ಬದಿಗೆ ಹೋಗಿ ಬಂದರೆ ತಳಕ್ಕೆ ಬಾವಿಯ ನೀರು ಹೊಡೆದು ತೊಳೆಯಿರಿ. ಹುಲ್ಲಿನ ಮೇಲೆ, ಹಸಿ ಮಣ್ಣಿನ ಮೇಲೆ ನಿಲ್ಲಿಸಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ಅದೂ ಇನ್ನೊಂದು ಬಗೆಯ ಕಪ್ಪು ಲೇಪವೇ. ಗಾಳಿಯ ತೇವಾಂಶ ಶೇಕಡಾ 60 ಮೀರಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಉಪ್ಪು ಸೇರಿದಲ್ಲಿ ಅಷ್ಟೂ ಬೇಕಿಲ್ಲ. ನಮ್ಮಲ್ಲಿ ಅದಕ್ಕಿಂತ ಕೆಳಗಿಳಿಯುವ ದಿನಗಳೆಷ್ಟು?

ಕೊನೆಯದಾಗಿ, ವರ್ಷಕ್ಕೆರಡು ಬಾರಿ ನೋಡಿ. ಮಳೆಗೆ ಮುನ್ನ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಬರಿಯ ಜಾಕಿನ ಮೇಲೆ ನಿಲ್ಲಿಸಿದ ಕಾರಿನಡಿಗೆ ಮಾತ್ರ ಎಂದೂ ನುಸುಳಬೇಡಿ. ಗಟ್ಟಿ ಸ್ಟ್ಯಾಂಡುಗಳಿರಲಿ ಅಥವಾ ಗ್ಯಾರೇಜಿನ ಗುಂಡಿಯಿರಲಿ. ಕಂಡ ಚುಕ್ಕೆಯನ್ನು ಆಗಲೇ ಕೆರೆದು, ಪ್ರೈಮರ್ ಹಚ್ಚಿ, ಮೇಣ ಬಳಿದರೆ ಅರ್ಧ ದಿನದ ಕೆಲಸ. ಹತ್ತು ವರ್ಷ ಬಿಟ್ಟರೆ ಗುಜರಿಯ ತಕ್ಕಡಿ.

ಇನ್ನೂ ಒಂದು ಕಾರಣವಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಜುಲೈಯಲ್ಲಿ 50 ವರ್ಷ ಮೀರಿದ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಹೊರಡಿಸಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುವ ನೋಂದಣಿ ಅದು. ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿಗೂ ಬಾಡಿಗೂ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ನನ್ನ ಶಿಷ್ಯನ 1968ರ ಕಾರು ವಯಸ್ಸಿನಿಂದ ಅದಕ್ಕೆ ಅರ್ಹ. ಮೂಲ ತಳವೇ ಕರಗಿಹೋದರೆ ಮೂಲರೂಪ ಎಂದು ತೋರಿಸಲು ಏನು ಉಳಿದೀತು?

ಆದುದರಿಂದ, ಮಗೂ, ಆ ಕಪ್ಪು ಡಬ್ಬಿಯನ್ನು ಮುಚ್ಚಿಡಲು ಹೇಳು. “ನೋಡುವುದೇ ಬೇಡ” ಎಂದು ಭರವಸೆ ಕೊಡುವ ಯಾವ ಲೇಪವನ್ನೂ ನಂಬಬೇಡ. ಆ ಮಾತೇ ಅದರ ದೋಷ. ಗ್ಯಾರೇಜಿನವರು ಮುನಿದರೆ ಮುನಿಯಲಿ. 1994ರಲ್ಲಿ ನಾನು ಅವರ ಮುನಿಸಿಗೆ ಅಂಜಿ ಸುಮ್ಮನಿದ್ದೆ. ಅಂದು ಆಡದ ಮಾತನ್ನು ಮೂರು ದಶಕಗಳ ಬಳಿಕ ಇಲ್ಲಿ ಆಡಿದ್ದೇನೆ. ಕಾರು ಊರಿಗೆ ಬಂದ ದಿನ ತಿಳಿಸು. ಮಂಡಿನೋವಿದ್ದರೂ ಸರಿ, ಟಾರ್ಚು ಹಿಡಿದು ಮೊದಲು ಬಗ್ಗಿ ನೋಡುವವನು ನಾನು. ಚಿತ್ರಗಳಲ್ಲಿ ಆ ಬಣ್ಣದ ಹೊಳಪು ಬಹಳ ಚೆನ್ನಾಗಿ ಬಂದಿದೆ. ಅದನ್ನು ಆಮೇಲೆ ನೋಡೋಣ.